‘ಎಸ್‌ಎಸ್‌ಪಿ ಹಾಕು’ ಅಂದರೆ ಮುಗಿಯಿತೇ? ಕಲಬುರಗಿ ವಿಭಾಗದ ಅಧಿಕಾರಿಗಳಿಗೂ ಪ್ರಾಂಶುಪಾಲರಿಗೂ ಬಹಿರಂಗ ಪತ್ರ

ಗೆ,
ಮಾನ್ಯ ಪ್ರಾದೇಶಿಕ ಆಯುಕ್ತರು, ಕಲಬುರಗಿ ವಿಭಾಗ
ಹಾಗೂ
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪದವಿ, ಇಂಜಿನಿಯರಿಂಗ್, ನರ್ಸಿಂಗ್, ಡಿಪ್ಲೊಮಾ ಕಾಲೇಜುಗಳ ಪ್ರಾಂಶುಪಾಲರು

ವಿಷಯ: ವಿದ್ಯಾರ್ಥಿಗೆ ಯಾವ ಯಾವ ಹಣಕಾಸಿನ ನೆರವು ಇದೆ ಎಂಬುದನ್ನು ಪ್ರವೇಶದ ದಿನವೇ ತಿಳಿಸುವ ಬಗ್ಗೆ

ಮಾನ್ಯರೇ,

ಪ್ರವೇಶದ ದಿನಗಳಲ್ಲಿ ನಮ್ಮ ಯಾವ ಕಾಲೇಜಿನ ಕಚೇರಿಗೆ ಹೋದರೂ ಕಿಟಕಿಯ ಮುಂದೆ ಒಂದೇ ಪ್ರಶ್ನೆ: ‘ಸರ್, ಸ್ಕಾಲರ್‌ಶಿಪ್ ಬರ್ತದೇನ್ರಿ?’ ಒಳಗಿನಿಂದ ಬರುವ ಉತ್ತರವೂ ಒಂದೇ: ‘ಎಸ್‌ಎಸ್‌ಪಿ ಹಾಕು, ಬರ್ತದ.’ ಎಸ್‌ಎಸ್‌ಪಿ ಎಂದರೆ ರಾಜ್ಯ ವಿದ್ಯಾರ್ಥಿವೇತನದ ಅರ್ಜಿ ಹಾಕುವ ಪೋರ್ಟಲ್. ಪ್ರಶ್ನೆ ಕೇಳಿದ ಹುಡುಗಿ ಅಲ್ಲಿಂದ ನೇರ ಆನ್‌ಲೈನ್ ಸೆಂಟರಿಗೆ ಹೋಗುತ್ತಾಳೆ. ಅಲ್ಲಿ ಕೂತವರು ಕೇಳಿದ ಕಾಗದ ಕೊಟ್ಟು, ದುಡ್ಡು ಕೊಟ್ಟು, ಒಂದು ಪ್ರಿಂಟ್ ತೆಗೆದುಕೊಂಡು ಊರಿಗೆ ಮರಳುತ್ತಾಳೆ. ಏನಕ್ಕೆ ಅರ್ಜಿ ಹಾಕಿದೆ, ಎಷ್ಟು ಬರಬೇಕು, ಬರದಿದ್ದರೆ ಯಾರನ್ನು ಕೇಳಬೇಕು ಎಂಬುದು ಅವಳಿಗೆ ತಿಳಿದಿರುವುದಿಲ್ಲ. ಮಾರ್ಚಿನಲ್ಲಿ ಪರೀಕ್ಷಾ ಶುಲ್ಕದ ಹೊತ್ತಿಗೆ ಹಣ ಬಂದಿಲ್ಲ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ತಿದ್ದುಪಡಿಯ ಅವಧಿ ಮುಗಿದಿರುತ್ತದೆ.

ನೆರವೇ ಇಲ್ಲ ಎಂಬುದು ನಮ್ಮ ದೂರಲ್ಲ. ಇರುವ ನೆರವಿನ ಬಗೆಗಳನ್ನು ಬಿಡಿಸಿ ಹೇಳುವವರು ನಮ್ಮ ಕಾಲೇಜುಗಳಲ್ಲಿ ಇಲ್ಲ ಎಂಬುದೇ ದೂರು. ‘ಸ್ಕಾಲರ್‌ಶಿಪ್’ ಎಂಬ ಒಂದು ಮಾತಿನಡಿ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಶುಲ್ಕ ಮರುಪಾವತಿ ಒಂದು. ಕೈಖರ್ಚಿಗೆಂದು ಬರುವ ನಿರ್ವಹಣಾ ಭತ್ಯೆ ಇನ್ನೊಂದು. ಊಟ ವಸತಿಯ ನೆರವು ಮತ್ತೊಂದು. ಕೊನೆಯದು ತಿರುಗಿ ಕಟ್ಟಬೇಕಾದ ಸಾಲ. ಪ್ರತಿಯೊಂದಕ್ಕೂ ಬೇರೆ ಇಲಾಖೆ, ಬೇರೆ ಆದಾಯ ಮಿತಿ, ಬೇರೆ ಕಾಗದ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೇ ಮೊದಲು ನೋಡೋಣ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಶುಲ್ಕದ ಜೊತೆಗೆ ಕೋರ್ಸಿನ ಗುಂಪಿಗೆ ತಕ್ಕಂತೆ ವರ್ಷಕ್ಕೊಮ್ಮೆ ಭತ್ಯೆ ಇದೆ. ಇಂಜಿನಿಯರಿಂಗ್, ವೈದ್ಯಕೀಯದಂಥ ಮೊದಲ ಗುಂಪಿಗೆ ಹಾಸ್ಟೆಲಿನಲ್ಲಿದ್ದರೆ 13,500, ಮನೆಯಿಂದ ಬಂದುಹೋಗುವವರಿಗೆ 7,000. ಬಿಎ, ಬಿಕಾಂನಂಥ ಸಾಮಾನ್ಯ ಪದವಿಗೆ 6,000 ಮತ್ತು 3,000. 2021ರಲ್ಲಿ ನಿಯಮ ಬದಲಾದ ಮೇಲೆ ಈ ಹಣದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ರಾಜ್ಯ ತನ್ನ ಪಾಲು ಕೊಟ್ಟ ಮೇಲೆ ಕೇಂದ್ರದ ಪಾಲು ವಿದ್ಯಾರ್ಥಿಯ ಖಾತೆಗೇ ನೇರವಾಗಿ ಬರುತ್ತದೆ. ಅಂದರೆ ಹಣ ಎರಡು ಕಂತಿನಲ್ಲಿ, ಎರಡು ಹೊತ್ತಿನಲ್ಲಿ ಬರುತ್ತದೆ. ಅದರೊಳಗೆ ಭತ್ಯೆಯೂ ಇದೆ, ಕಾಲೇಜಿಗೆ ಕಟ್ಟಬೇಕಾದ ಶುಲ್ಕವೂ ಇದೆ.

ಇದನ್ನು ಯಾರೂ ಹೇಳದ ಕಾರಣ ಆಗುತ್ತಿರುವುದು ಇಷ್ಟು. ಖಾತೆಗೆ ದುಡ್ಡು ಬಿತ್ತು ಎಂದು ಮನೆಯಲ್ಲಿ ಖುಷಿಯಾಗುತ್ತದೆ. ಬೀಜ ಗೊಬ್ಬರದ ಉದ್ರಿಯೋ ಆಸ್ಪತ್ರೆಯ ಖರ್ಚೋ ಅದನ್ನು ನುಂಗುತ್ತದೆ. ಆಮೇಲೆ ಕಾಲೇಜಿನಿಂದ ‘ಶುಲ್ಕ ಬಾಕಿ’ ಎಂಬ ಪಟ್ಟಿ ಬರುತ್ತದೆ. ಹಣ ಬಂದ ಏಳು ದಿನದೊಳಗೆ ಶುಲ್ಕ ಕಟ್ಟಬೇಕೆಂಬ ಮಾತು ಕೇಂದ್ರದ ಮಾರ್ಗಸೂಚಿಯಲ್ಲಿದೆ. ಆದರೆ ಆ ಕುಟುಂಬದ ಯಾರಿಗೂ ಅದು ತಲುಪಿರುವುದಿಲ್ಲ. ಅದೇ ಮಾರ್ಗಸೂಚಿಯಲ್ಲಿ ಬಡ ವಿದ್ಯಾರ್ಥಿಗೆ ಮುಂಗಡ ಶುಲ್ಕವಿಲ್ಲದೆ ಪ್ರವೇಶ ಕೊಡಲು ಫ್ರೀಶಿಪ್ ಕಾರ್ಡ್ ಎಂಬ ವ್ಯವಸ್ಥೆಯೂ ಇದೆ. ಅದರ ಹೆಸರನ್ನಾದರೂ ಸೂಚನಾ ಫಲಕದಲ್ಲಿ ಬರೆದ ಕಾಲೇಜು ನಮ್ಮ ಕಣ್ಣಿಗೆ ಬಿದ್ದಿಲ್ಲ. ಪರಿಶಿಷ್ಟ ಪಂಗಡದವರ ಯೋಜನೆ ಬೇರೆ, ಅದರ ಪಾಲುಗಾರಿಕೆ 75 ಮತ್ತು 25. ಆದಾಯ ಮಿತಿ ಮಾತ್ರ ಅದೇ 2.5 ಲಕ್ಷ.

ಹಿಂದುಳಿದ ವರ್ಗದವರ ‘ವಿದ್ಯಾಸಿರಿ’ ಊಟ ವಸತಿಯ ನೆರವು. ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ಎಂದು ನಿಗದಿಯಾಗಿತ್ತು. ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿ ಸೀಟು ಸಿಗದವರಿಗೆಂದು ಇರುವ ಯೋಜನೆ ಇದು. ಚಿಂಚೋಳಿಯಿಂದ, ಅಫಜಲಪುರದಿಂದ ಕಲಬುರಗಿಗೆ ಬಂದು ನಾಲ್ಕೈದು ಮಂದಿ ಸೇರಿ ರೂಮು ಹಿಡಿದು ಓದುವ ಮಕ್ಕಳಿಗೆ ಈ ಹಣವೇ ಬಾಡಿಗೆ. ಆದರೆ ‘ಹಾಸ್ಟೆಲಿಗೆ ಸೀಟು ಹೇಗೂ ಸಿಗೂದಿಲ್ಲ’ ಎಂದು ಹಾಸ್ಟೆಲ್ ಅರ್ಜಿಯನ್ನೇ ಹಾಕದ ಮಕ್ಕಳು ಬಹಳ. ಅವರು ವಿದ್ಯಾಸಿರಿಯನ್ನೂ ಕಳೆದುಕೊಳ್ಳುತ್ತಾರೆ. ಪ್ರವೇಶದ ಕಿಟಕಿಯಲ್ಲಿ ಒಂದು ವಾಕ್ಯ ಹೇಳಿದ್ದರೆ ಈ ಹಣ ಉಳಿಯುತ್ತಿತ್ತು.

ರೈತರ ಮಕ್ಕಳ ಓದಿಗೆ ರಾಜ್ಯ ಸರ್ಕಾರದ ನೆರವಾದ ರೈತ ವಿದ್ಯಾನಿಧಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಈ ತೊಗರಿ ನಾಡಿನಲ್ಲಿ ಅದು ಮುಟ್ಟಬೇಕಾದ ಮನೆಗಳು ಹೆಚ್ಚು, ಅದು ನಿಂತುಹೋಗುವ ಜಾಗವೂ ನಮ್ಮ ಮನೆಗಳೊಳಗೇ ಇದೆ. 2021ರಲ್ಲಿ ಶುರುವಾದ ಈ ಯೋಜನೆಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾದ ಹುಡುಗರಿಗೆ 2,500, ಹುಡುಗಿಯರಿಗೆ 3,000; ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500; ಕಾನೂನು, ನರ್ಸಿಂಗ್‌ನಂಥವಕ್ಕೆ 7,500 ಮತ್ತು 8,000; ಎಂಬಿಬಿಎಸ್, ಇಂಜಿನಿಯರಿಂಗ್, ಸ್ನಾತಕೋತ್ತರಕ್ಕೆ 10,000 ಮತ್ತು 11,000 ಎಂದು ನಿಗದಿಯಾಯಿತು. ಬೇರೆ ವಿದ್ಯಾರ್ಥಿವೇತನ ಬರುತ್ತಿದ್ದರೂ ಇದು ಸಿಗಬೇಕು ಎಂಬುದು ಯೋಜನೆಯ ಉದ್ದೇಶ. 2022ರಲ್ಲಿ ಭೂಮಿಯಿಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೂ ವಿಸ್ತರಿಸಿದರು.

ರೈತರ ಮಕ್ಕಳಿಗೆ ಇದು ಸಿಗಬೇಕಾದರೆ ತಂದೆ ಅಥವಾ ತಾಯಿಗೆ ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದ ಎಫ್‌ಐಡಿ, ಅಂದರೆ ರೈತನ ಗುರುತಿನ ಸಂಖ್ಯೆ ಇರಬೇಕು. ಆ ಸಂಖ್ಯೆ ಪಹಣಿಯನ್ನು ಆಧರಿಸಿದ್ದು. ನಮ್ಮ ಕಡೆ ಹೊಲ ಇಂದಿಗೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ಎಷ್ಟೋ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರುವುದಿಲ್ಲ. ಮಗಳ ಎಸ್‌ಎಸ್‌ಪಿ ಅರ್ಜಿ ಸರಿಯಾಗಿಯೇ ಇರುತ್ತದೆ, ತಂದೆ ರೈತ ಎಂಬುದು ಮಾತ್ರ ಸರ್ಕಾರದ ಲೆಕ್ಕಕ್ಕೆ ಬಂದಿರುವುದಿಲ್ಲ. ಇದನ್ನು ಸರಿಪಡಿಸುವುದು ಕಾಲೇಜಿನ ಕೈಲಿಲ್ಲ, ಗ್ರಾಮ ಆಡಳಿತಾಧಿಕಾರಿಯ ಬಳಿ ಪೌತಿ ಖಾತೆಗೆ ಅರ್ಜಿ ಹಾಕಬೇಕು, ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಮಾಡಿಸಬೇಕು. ರಾಶಿಯ ಹಂಗಾಮಿನಲ್ಲಿ ಯಾವ ರೈತನೂ ಇದಕ್ಕೆ ಓಡಾಡಲಾರ. ಜೂನ್, ಜುಲೈನಲ್ಲಿ ಹೇಳಿದರಷ್ಟೇ ಕೆಲಸ ಆಗುವ ಮಾತು. ಕಟ್ಟಡ ಕಾರ್ಮಿಕರ ಮಕ್ಕಳದ್ದೂ ಇದೇ ಬಗೆಯ ತೊಡಕು: ಅವರ ಶೈಕ್ಷಣಿಕ ಸಹಾಯಧನ ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಬರುತ್ತದೆ, ತಂದೆಯ ಕಾರ್ಮಿಕ ಕಾರ್ಡ್ ನವೀಕರಣ ಆಗಿರದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಅಂಕದ ಮೇಲೆ ಸಿಗುವ ಕೇಂದ್ರದ ನೆರವುಗಳು ಎಸ್‌ಎಸ್‌ಪಿಯಲ್ಲಿ ಇಲ್ಲ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಎನ್‌ಎಸ್‌ಪಿಯಲ್ಲಿವೆ. ದ್ವಿತೀಯ ಪಿಯುಸಿಯಲ್ಲಿ ಮಂಡಳಿಯ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು (ಅಂದರೆ ಅಂಕದಲ್ಲಿ ನೂರಕ್ಕೆ 80 ಮಂದಿಗಿಂತ ಮುಂದಿದ್ದು), ಕುಟುಂಬದ ಆದಾಯ 4.5 ಲಕ್ಷದೊಳಗೆ ಇರುವವರಿಗೆ ಕೇಂದ್ರ ವಲಯದ ವಿದ್ಯಾರ್ಥಿವೇತನ ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000. ಇದಕ್ಕೆ ಇಂಥದೇ ಜಾತಿ ಎಂಬ ಷರತ್ತಿಲ್ಲ. ತಾಂತ್ರಿಕ ಶಿಕ್ಷಣದ ಹುಡುಗಿಯರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ‘ಪ್ರಗತಿ’ ವರ್ಷಕ್ಕೆ 50,000. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ, ಆದಾಯ 8 ಲಕ್ಷದೊಳಗೆ. ಅಂಗವಿಕಲ ವಿದ್ಯಾರ್ಥಿಗಳಿಗೆ ‘ಸಕ್ಷಮ್’ ಇದೆ, ಮೊತ್ತ ಅಷ್ಟೇ. ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ಅದರ ಅರ್ಜಿ ಈ ಎರಡೂ ಪೋರ್ಟಲ್‌ಗಳ ಹೊರಗೆ. ಸರ್ಕಾರಿ ಪಿಯು ಕಾಲೇಜಿನಿಂದ ಬಂದ ಎಷ್ಟು ಹುಡುಗಿಯರಿಗೆ ಈ ಕೊನೆಯದು ಗೊತ್ತು ಎಂದು ಪ್ರಾಂಶುಪಾಲರು ತಮ್ಮ ಮೊದಲ ವರ್ಷದ ತರಗತಿಯಲ್ಲಿ ಒಮ್ಮೆ ಕೈ ಎತ್ತಿಸಿ ನೋಡಬೇಕು.

ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಬೇಕು, ಆಮೇಲೆ ಮೇಲಿನ ಹಂತ. ಅರ್ಜಿಯಲ್ಲಿ ತಪ್ಪಿದ್ದರೆ ‘ಡಿಫೆಕ್ಟಿವ್’ ಎಂದು ವಾಪಸು ಬರುತ್ತದೆ. ಅದು ತಿರಸ್ಕಾರವಲ್ಲ, ತಿದ್ದಿ ಮತ್ತೆ ಕಳಿಸಲು ಅವಕಾಶವಿದೆ, ಕೊನೆಯ ದಿನಾಂಕವೂ ಇದೆ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ‘ರಿಜೆಕ್ಟ್ ಆಗ್ಯದ’ ಎಂದು ಕೈಬಿಟ್ಟ ಅರ್ಜಿಗಳನ್ನು ನಾವು ಕಂಡಿದ್ದೇವೆ. ಪ್ರತಿ ವರ್ಷ ನವೀಕರಣ ಮಾಡಬೇಕೆಂಬುದೂ ಹಾಗೆಯೇ. ಕೇಂದ್ರ ವಲಯದ ವೇತನ ಮುಂದುವರಿಯಲು ಶೇ 50 ಅಂಕ, ಶೇ 75 ಹಾಜರಿ ಬೇಕು. ಮೊದಲ ವರ್ಷ ಪಡೆದವರು ಎರಡನೇ ವರ್ಷ ತಾನಾಗಿಯೇ ಬರುತ್ತದೆ ಎಂದು ಕೂತುಬಿಡುತ್ತಾರೆ.

ಇನ್ನು ಸಾಲ. ಸಾಲವನ್ನು ವಿದ್ಯಾರ್ಥಿವೇತನದ ಜೊತೆ ಸೇರಿಸಿ ಹೇಳುವುದು ಅಪಾಯ, ಅದನ್ನು ಬೇರೆಯಾಗಿಯೇ ತಿಳಿಸಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ನಮ್ಮ ಪಾಲಿನ ಮುಂಗಡ ಹಣವೂ ಬೇಡ. ಸಾಲ ಖಾತರಿ ನಿಧಿಯ ಅಡಿ 7.5 ಲಕ್ಷದವರೆಗೂ ಅಡಮಾನ ಕೇಳುವಂತಿಲ್ಲ. ಆದರೂ ಹೊಲದ ಪಹಣಿ ತರಲು ಹೇಳುವ ಶಾಖೆಗಳಿವೆ. ತಂದೆಯ ಬೆಳೆಸಾಲ ಬಾಕಿ ಇದೆ ಎಂದು ಬಾಯಿಮಾತಿನಲ್ಲೇ ಇಲ್ಲ ಎನ್ನುವವರೂ ಇದ್ದಾರೆ. ಶಿಕ್ಷಣ ಸಾಲದ ಅರ್ಜಿಯನ್ನು ತಿರಸ್ಕರಿಸುವುದಿದ್ದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು, ಶಾಖೆಯ ಕೌಂಟರಿನಲ್ಲಿ ತೀರ್ಮಾನ ಆಗುವ ಮಾತಲ್ಲ.

ಸಾಲದ ಲೆಕ್ಕವನ್ನು ಯಾರಾದರೂ ಕಾಗದದ ಮೇಲೆ ಮಾಡಿ ತೋರಿಸಬೇಕು. ನಾಲ್ಕು ವರ್ಷದ ಇಂಜಿನಿಯರಿಂಗಿಗೆ ಪ್ರತಿ ವರ್ಷದ ಮೊದಲಿಗೆ 1 ಲಕ್ಷದಂತೆ ಸಾಲ ತೆಗೆದರು ಎನ್ನಿ. ಬಡ್ಡಿ ಶೇ 10 ಎಂದು ಹಿಡಿಯೋಣ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಕೂಡಿದರೆ 1.4 ಲಕ್ಷ ಬಡ್ಡಿ. ಮೊದಲ ಕಂತಿನ ದಿನ ಸಾಲ 4 ಲಕ್ಷವಲ್ಲ, 5.4 ಲಕ್ಷ. ಈ 1.4 ಲಕ್ಷವನ್ನು ಕೇಂದ್ರವೇ ತುಂಬುವ ಬಡ್ಡಿ ಸಹಾಯಧನ ಯೋಜನೆ ಇದೆ: ಆದಾಯ 4.5 ಲಕ್ಷದೊಳಗೆ ಇರಬೇಕು, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿರಬೇಕು, ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಸಂಸ್ಥೆಗಳಾದ ನ್ಯಾಕ್‌ನಿಂದ ಕಾಲೇಜಿಗೆ ಇಲ್ಲವೇ ಎನ್‌ಬಿಎಯಿಂದ ಕೋರ್ಸಿಗೆ ಮಾನ್ಯತೆ ಇರಬೇಕು. ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಸಾಲ ಮಂಜೂರಾಗುವಾಗಲೇ ಶಾಖೆಗೆ ಕೊಟ್ಟು, ಈ ಯೋಜನೆಯಡಿ ಗುರುತಿಸಿದ್ದಾರೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಬೇಕು. ಕೇಳದಿದ್ದರೆ ಶಾಖೆಯವರು ಕ್ಲೇಮ್ ಹಾಕದೇ ಬಿಡುವ ಸಾಧ್ಯತೆ ಇದೆ.

ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನುದಾರರೂ ಬೇಡ. 8 ಲಕ್ಷದವರೆಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಆದರೆ ಅದು ಆಯ್ದ ಉನ್ನತ ಶ್ರೇಯಾಂಕದ ಸಂಸ್ಥೆಗಳಿಗೆ ಮಾತ್ರ. ಸೇರುವ ಮೊದಲು ಪಟ್ಟಿ ನೋಡಬೇಕು. ಬ್ಯಾಂಕಿಗೆ ಹೋಗುವ ಮೊದಲು ಕೇಳಬೇಕಾದ ಇನ್ನೊಂದು ಬಾಗಿಲಿದೆ: ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲ, ಶೇ 2ರ ದರದಲ್ಲಿ. ಬ್ಯಾಂಕಿನ ದರಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ. ಅರ್ಹರಿದ್ದೂ ಇದನ್ನು ಕೇಳದೆ ನೇರ ಬ್ಯಾಂಕಿಗೆ ಹೋಗುವುದು ತಿಳಿವಳಿಕೆ ಕೊಡದವರ ತಪ್ಪು, ಮಕ್ಕಳದ್ದಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ಹಣ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ತಾವು ಗಮನಿಸಬೇಕು.

ಮೊದಲನೆಯದು ಹೆಸರು. ನಮ್ಮ ಭಾಗದಲ್ಲಿ ‘ಮಲ್ಲಪ್ಪ ತಂದೆ ಶಿವಪ್ಪ’ ಎಂದು ಬರೆಯುವುದು ರೂಢಿ. ಅಂಕಪಟ್ಟಿಯಲ್ಲಿ ಹಾಗೆ, ಆಧಾರಿನಲ್ಲಿ ಮನೆತನದ ಹೆಸರು ಸೇರಿಸಿ, ಬ್ಯಾಂಕಿನಲ್ಲಿ ಬರೀ ಮಲ್ಲಪ್ಪ. ಕಂಪ್ಯೂಟರಿಗೆ ಇವರು ಮೂವರು. ಆಧಾರ್ ತಿದ್ದಿಸಬೇಕೋ ಬ್ಯಾಂಕಿನದು ತಿದ್ದಿಸಬೇಕೋ ತಿಳಿಯದೆ ಎರಡನ್ನೂ ತಿದ್ದಿಸಿ ಇನ್ನಷ್ಟು ಗೋಜಲು ಮಾಡಿಕೊಳ್ಳುತ್ತಾರೆ. ಹತ್ತನೇ ತರಗತಿಯ ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ.

ಎರಡನೆಯದು ಬ್ಯಾಂಕ್ ಖಾತೆ. ಪಾಸ್‌ಬುಕ್ಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ‘ಲಿಂಕ್’ ಆಯಿತು ಎಂದು ಎಲ್ಲರೂ ತಿಳಿದಿದ್ದಾರೆ. ಅದು ಗುರುತಿಗೆ ಮಾತ್ರ. ಸರ್ಕಾರದ ನೇರ ವರ್ಗಾವಣೆ (ಡಿಬಿಟಿ) ಹೋಗುವುದು ರಾಷ್ಟ್ರೀಯ ಪಾವತಿ ನಿಗಮ ಎನ್‌ಪಿಸಿಐ ಪಟ್ಟಿಯಲ್ಲಿ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಅರ್ಜಿಯಲ್ಲಿ ಯಾವ ಖಾತೆ ಬರೆದರೂ ಅದಕ್ಕೆ ಲೆಕ್ಕವಿಲ್ಲ. ಪ್ರಾಥಮಿಕ ಶಾಲೆಯಲ್ಲಿದ್ದಾಗ ತೆರೆದ ಮರೆತುಹೋದ ಖಾತೆಗೋ, ಸಿಮ್ ಕೊಳ್ಳುವಾಗ ತಿಳಿಯದೆ ತೆರೆದ ಪೇಮೆಂಟ್ ಬ್ಯಾಂಕ್ ಖಾತೆಗೋ ಹಣ ಹೋಗಿ ಕೂತಿರುತ್ತದೆ. ಆಧಾರಿಗೆ ಸೇರಿದ ಮೊಬೈಲಿನಿಂದ *99*99*1# ಒತ್ತಿ ಆಧಾರ್ ಸಂಖ್ಯೆ ಕೊಟ್ಟರೆ ಜೋಡಣೆಯ ಸ್ಥಿತಿ ತಿಳಿಯುತ್ತದೆ, ಸ್ಮಾರ್ಟ್‌ಫೋನ್ ಬೇಕಿಲ್ಲ. ಬಂದ ಹಣದ ವಿವರ ರಾಜ್ಯದ ಡಿಬಿಟಿ ಆ್ಯಪ್‌ನಲ್ಲಿ ಸಿಗುತ್ತದೆ. ವಿದ್ಯಾರ್ಥಿವೇತನಕ್ಕೆಂದು ತೆರೆದ ಶೂನ್ಯ ಶಿಲ್ಕಿನ ಖಾತೆಯನ್ನು ಎರಡು ವರ್ಷ ವ್ಯವಹಾರ ಇಲ್ಲವೆಂದು ನಿಷ್ಕ್ರಿಯ ಮಾಡಬಾರದು ಎಂಬ ರಿಸರ್ವ್ ಬ್ಯಾಂಕಿನ ಸೂಚನೆ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮ ಗ್ರಾಮೀಣ ಶಾಖೆಗಳಲ್ಲಿ ಇದನ್ನು ತೋರಿಸಿ ಕೇಳುವವರು ಬೇಕು.

ಮೂರನೆಯದು ಒಟಿಪಿ. ಎಸ್‌ಎಸ್‌ಪಿಯಲ್ಲಿ ಪಾಲಕರ ಆಧಾರ್ ಕೂಡ ಬೇಕು. ಯಾದಗಿರಿ ಜಿಲ್ಲೆಯ ತಂದೆ ತಾಯಿ ಗುಳೆ ಹೋಗಿ ಪುಣೆಯಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾರೆ. ಆಧಾರಿಗೆ ಕೊಟ್ಟ ಹಳೆಯ ನಂಬರ್ ಬಂದ್ ಆಗಿರುತ್ತದೆ. ಅವರು ಊರಿಗೆ ಬರುವುದು ಹಬ್ಬಕ್ಕೆ; ಅಷ್ಟರಲ್ಲಿ ಕೊನೆಯ ದಿನಾಂಕ ಹತ್ತಿರ ಬಂದು ಸರ್ವರ್ ನಿಧಾನವಾಗಿರುತ್ತದೆ.

ನಾಲ್ಕನೆಯದು ಸಂಪೂರ್ಣವಾಗಿ ಕಾಲೇಜಿನ ಕೆಲಸ. ವಿದ್ಯಾರ್ಥಿಯ ಪ್ರವೇಶದ ವಿವರ, ಶುಲ್ಕದ ಮೊತ್ತ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಸರಿಯಾಗಿ ತುಂಬಿರದಿದ್ದರೆ ಎಸ್‌ಎಸ್‌ಪಿಯಲ್ಲಿ ‘ವಿವರ ಲಭ್ಯವಿಲ್ಲ’ ಎಂದು ಬರುತ್ತದೆ. ದಾಖಲೆಗಳ ಇ-ದೃಢೀಕರಣ ಮಾಡುವ ಸಿಬ್ಬಂದಿ ರಜೆ ಹಾಕಿದರೆ ಇಡೀ ತರಗತಿಯ ಅರ್ಜಿ ನಿಲ್ಲುತ್ತದೆ. ಈ ಒಂದು ಕೆಲಸಕ್ಕೆ ಬದಲಿ ವ್ಯಕ್ತಿ ಇಲ್ಲದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ ಎಂದು ನಾವು ನಂಬಿದ್ದೇವೆ.

ಆದ್ದರಿಂದ ನಮ್ಮ ಬೇಡಿಕೆಗಳು.

ಪ್ರವೇಶದ ಅರ್ಜಿಯ ಜೊತೆಗೇ ಒಂದು ಹಾಳೆ ಕೊಡಿ. ವಿದ್ಯಾರ್ಥಿಗೆ ಅನ್ವಯಿಸುವ ನೆರವು ಯಾವುದು, ಅದರಲ್ಲಿ ಶುಲ್ಕ ಎಷ್ಟು, ಭತ್ಯೆ ಎಷ್ಟು, ತಿರುಗಿ ಕಟ್ಟಬೇಕೋ ಬೇಡವೋ, ಯಾವ ಇಲಾಖೆ, ಯಾವ ಕಾಗದ ಎಂದು ಅದರಲ್ಲಿರಲಿ. ಕನ್ನಡದಲ್ಲಿ ಇರಲೇಬೇಕು, ಕಲಬುರಗಿ ಮತ್ತು ಬೀದರ್ ನಗರದಲ್ಲಿ ಉರ್ದುವಿನಲ್ಲೂ, ಔರಾದ್ ಭಾಲ್ಕಿ ಕಡೆ ಮರಾಠಿಯಲ್ಲೂ, ಗುರುಮಠಕಲ್ ಸೇಡಂ ಗಡಿಯಲ್ಲಿ ತೆಲುಗಿನಲ್ಲೂ ಇದ್ದರೆ ತಾಯಂದಿರಿಗೂ ಓದಿ ಹೇಳಬಹುದು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ಅನುಚ್ಛೇದ 371(ಜೆ)ಯ ಪ್ರಮಾಣಪತ್ರ ಸೀಟು ಮತ್ತು ನೌಕರಿಯ ಮೀಸಲಾತಿಗೆ, ವಿದ್ಯಾರ್ಥಿವೇತನಕ್ಕಲ್ಲ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅದಕ್ಕಾಗಿ ಸುಮ್ಮನೆ ಅಲೆಯುವವರು ಇದ್ದಾರೆ.

ಪ್ರವೇಶ ಮುಗಿದ ಹದಿನೈದು ದಿನದೊಳಗೆ ಪ್ರತಿ ತಾಲ್ಲೂಕು ಕೇಂದ್ರದ ಒಂದು ಕಾಲೇಜಿನಲ್ಲಿ ನಾಡಕಚೇರಿ, ಬ್ಯಾಂಕ್, ಆಧಾರ್, ರೈತ ಸಂಪರ್ಕ ಕೇಂದ್ರ, ಕಾರ್ಮಿಕ ಇಲಾಖೆ ಇವರನ್ನೆಲ್ಲ ಒಂದೇ ಸೂರಿನಡಿ ಎರಡು ದಿನ ಕೂರಿಸಿ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಅದು ಮುಗಿದಿದೆಯೇ ಎಂದು ಅಲ್ಲೇ ನೋಡಬಹುದು. ಇದಕ್ಕೆ ಬೇಕಾದ ಹಣ ದೊಡ್ಡದಲ್ಲ. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಇದನ್ನು ಭರಿಸಲು ಆಯುಕ್ತರು ಶಿಫಾರಸು ಮಾಡಬೇಕು.

ಬಾಕಿ ಉಳಿದ, ವಾಪಸು ಬಂದ ಅರ್ಜಿಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಕಾಲೇಜಿನ ಫಲಕದಲ್ಲಿ ಹಾಕಿ. ಹೆಸರು, ಜಾತಿ, ಆಧಾರ್ ಸಂಖ್ಯೆ ಬೇಡ. ಅರ್ಜಿ ಸಂಖ್ಯೆ ಮತ್ತು ಕಾರಣ ಸಾಕು. ಯಾರ ಮರ್ಯಾದೆಗೂ ಕುಂದು ಬರಬಾರದು.

ಸರ್ಕಾರದ ಪಾಲು ಬಾಕಿ ಇರುವಾಗ ಹಾಲ್ ಟಿಕೆಟ್ ತಡೆಹಿಡಿಯಬೇಡಿ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆಗಳು ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಆ ಸೂಚನೆ ಪಾಲನೆಯಾಗುತ್ತಿದೆಯೇ ಎಂದು ವಿಭಾಗ ಮಟ್ಟದಲ್ಲಿ ಪರಿಶೀಲಿಸಿ. ಫಲಿತಾಂಶ ತಡವಾದ ವರ್ಷ ನವೀಕರಣದ ಕೊನೆಯ ದಿನಾಂಕ ಮುಂದೂಡಲು ವಿಶ್ವವಿದ್ಯಾಲಯವೇ ಇಲಾಖೆಗಳಿಗೆ ಪತ್ರ ಬರೆಯುವಂತೆ ಮಾಡಿ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನಡೆಯುವ ಬ್ಯಾಂಕರುಗಳ ಸಭೆಯಲ್ಲಿ ಶಿಕ್ಷಣ ಸಾಲದ ಅರ್ಜಿ ಎಷ್ಟು ಬಂತು, ಎಷ್ಟು ಮಂಜೂರಾಯಿತು, ಪ್ರತಿಯೊಂದು ತಿರಸ್ಕಾರಕ್ಕೆ ಬರಹದ ಕಾರಣ ಏನು, ಬಡ್ಡಿ ಸಹಾಯಧನಕ್ಕೆ ಎಷ್ಟು ಖಾತೆ ಗುರುತಿಸಿದರು ಎಂದು ಶಾಖೆವಾರು ಕೇಳಿ, ಉತ್ತರವನ್ನು ಸಾರ್ವಜನಿಕರಿಗೆ ತಿಳಿಸಿ.

ಮುಂದಿನ ಪಿಯುಸಿ ಫಲಿತಾಂಶ ಬರುವ ಮೊದಲೇ ಈ ಕುರಿತು ಸುತ್ತೋಲೆ ಹೊರಡಬೇಕೆಂದು ಕೋರುತ್ತೇವೆ. ಹಾಳೆಯ ಕರಡು ಬರೆಯಲು, ಶಿಬಿರದಲ್ಲಿ ಕೂತು ಅರ್ಜಿ ನೋಡಲು ನಾವು ಸಿದ್ಧರಿದ್ದೇವೆ, ಕರೆದರೆ ಸಾಕು.

ತಮ್ಮ ವಿಶ್ವಾಸಿಗಳು,
ವಿದ್ಯಾರ್ಥಿಗಳ ಅರ್ಜಿಗಳಿಗೆ ನೆರವಾಗುವ ಕೆಲವು ಉಪನ್ಯಾಸಕರು ಮತ್ತು ಪಾಲಕರು
ಕಲಬುರಗಿ